ಏಳು ನಡೆಗೆ ಎರಡು ಸಾವಿರ ನವಿಲುತೀರ್ಥ

ಸವದತ್ತಿ ತಾಲ್ಲೂಕಿನ ಮುನವಳ್ಳಿ ಹತ್ತಿರ ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದು ನಿಲ್ಲಿಸಿದ್ದಾರೆ. ಅದೇ ನವಿಲುತೀರ್ಥ ಅಣೆಕಟ್ಟು. ಅದರ ಬೆನ್ನಿಗಿರುವ ರೇಣುಕಾಸಾಗರ ತುಂಬಿದರೆ 37.73 ಟಿಎಂಸಿ ನೀರು. ಮಳೆಗಾಲ ಬಂತೆಂದರೆ ಸವದತ್ತಿಯ ಚಹದಂಗಡಿಯಿಂದ ರಾಮದುರ್ಗದ ಹೊಳೆದಂಡೆಯವರೆಗೆ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: ಇವತ್ತು ಎಷ್ಟು ಅಡಿ ಏರಿತು, ಎಷ್ಟು ಬಿಟ್ಟರು.

ಈ ಲೆಕ್ಕದ ಮಂದಿಗೆ ಒಂದು ಬೇರೆ ಲೆಕ್ಕ ಕೊಡುತ್ತೇನೆ. ಸಾಗರದ ನೀರನ್ನೆಲ್ಲ ಬಸಿದುಬಿಡಿ. ಆ ಜಾಗದಲ್ಲಿ ಬಿಳಿಜೋಳ ಸುರಿಯಿರಿ. ಒಂದು ಕಾಳಿಗೆ ಸುಮಾರು 30 ಮಿಲಿಗ್ರಾಂ ತೂಕ, ಒಂದು ಘನ ಮೀಟರ್ ಜಾಗಕ್ಕೆ ಸುಮಾರು 750 ಕಿಲೋ ಎಂದು ಹಿಡಿದರೆ ಅಣೆಕಟ್ಟು ತುಂಬಲು 80 ಕೋಟಿ ಟನ್ ಜೋಳ ಬೇಕು. ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಜೋಳ ಸುಮಾರು 6 ಕೋಟಿ ಟನ್. ಅಂದರೆ ಭೂಮಿಯ ಮೇಲಿನ ರೈತರೆಲ್ಲ ಒಂದು ಕಾಳೂ ತಿನ್ನದೆ ತಂದು ಸುರಿದರೂ ಹದಿಮೂರು ವರ್ಷ ದುಡಿಯಬೇಕು.

ಚದುರಂಗ ಕಂಡುಹಿಡಿದವನ ಕಥೆ ಗೊತ್ತಿದ್ದವರಿಗೆ ಇದು ಎಲ್ಲಿಗೆ ಹೋಗುತ್ತದೆಂದು ಹೊಳೆದಿರಬೇಕು. ಏನು ಬೇಕು ಕೇಳು ಎಂದ ರಾಜನಿಗೆ ಅವನು, ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ಇಮ್ಮಡಿ ಮಾಡುತ್ತ ಕೊಡು ಎಂದನಂತೆ. ಕಥೆಯಲ್ಲಿ ಅದು ಗೋಧಿಯೋ ಅಕ್ಕಿಯೋ ಆಗಿರುತ್ತದೆ. ನಮ್ಮ ಸೀಮೆಯಲ್ಲಿ ಜೋಳವೇ ಆಗಬೇಕು.

ಎಂಟು ಮನೆ ತುಂಬಿದಾಗ 255 ಕಾಳು, ಎಂಟು ಗ್ರಾಂ ಕೂಡ ಇಲ್ಲ. ರಾಜ ನಕ್ಕಿರಬೇಕು. ಹದಿನಾರನೆಯ ಮನೆಗೆ ಎರಡು ಕಿಲೋ, ತುಂಬು ಕುಟುಂಬಕ್ಕೆ ಒಂದು ದಿನದ ರೊಟ್ಟಿ. ಇಪ್ಪತ್ತನಾಲ್ಕಕ್ಕೆ ಐದು ಚೀಲ. ಮೂವತ್ತೆರಡಕ್ಕೆ, ಅಂದರೆ ಸರಿಯಾಗಿ ಅರ್ಧ ಹಲಗೆಗೆ, 129 ಟನ್, ಹದಿಮೂರು ಲಾರಿ. ಇಲ್ಲಿಯವರೆಗೆ ಊರಿನ ಹಗೇವುಗಳೇ ಸಾಕು. ನಲವತ್ತಕ್ಕೆ 33 ಸಾವಿರ ಟನ್. ನಲವತ್ತೆಂಟಕ್ಕೆ 84 ಲಕ್ಷ ಟನ್. ಇಡೀ ಭಾರತ ಈಗ ವರ್ಷಕ್ಕೆ ಬೆಳೆಯುವುದಕ್ಕಿಂತ ಹೆಚ್ಚು. ಐವತ್ತನಾಲ್ಕನೆಯ ಮನೆಗೆ ನವಿಲುತೀರ್ಥ ಮೂರರಲ್ಲಿ ಎರಡು ಪಾಲು ತುಂಬಿರುತ್ತದೆ. ಐವತ್ತೈದಕ್ಕೆ ಕೋಡಿ ಬಿದ್ದು ಜೋಳವು ಮಲಪ್ರಭೆಯ ಗುಂಟ ರಾಮದುರ್ಗದ ಕಡೆ ಹರಿಯತೊಡಗುತ್ತದೆ.

ಇನ್ನೂ ಒಂಬತ್ತು ಮನೆ ಉಳಿದಿವೆ.

ಕೊನೆಯ ಮನೆ ಮುಗಿದಾಗ ಕಾಳುಗಳ ಸಂಖ್ಯೆ 1,84,46,74,40,73,70,95,51,615. ತೂಕ 55 ಸಾವಿರ ಕೋಟಿ ಟನ್ನಿನ ಮೇಲೆ. ಜಗತ್ತಿನ ಒಂಬತ್ತು ಸಾವಿರ ವರ್ಷಗಳ ಬೆಳೆ. ಅಣೆಕಟ್ಟಿನ ಲೆಕ್ಕದಲ್ಲಿ ಸುಮಾರು 690 ನವಿಲುತೀರ್ಥ. ಹಳೆಯ ರಾಮದುರ್ಗ ಸಂಸ್ಥಾನದ ವಿಸ್ತಾರ 169 ಚದರ ಮೈಲಿ. ಅಷ್ಟರ ಮೇಲೂ ಈ ಜೋಳವನ್ನು ಸಮನಾಗಿ ಹರವಿದರೆ ರಾಶಿ ಒಂದೂವರೆ ಕಿಲೋಮೀಟರಿಗಿಂತ ಎತ್ತರ ನಿಲ್ಲುತ್ತದೆ.

ಇದು ಬರೀ ಹಲಗೆಯ ಲೆಕ್ಕ. ಅದರ ಮೇಲೆ ಕಾಯಿಗಳು ಇನ್ನೂ ಅಲುಗಿಲ್ಲ.

ಈಗ ಕಾಯಿ ಹೂಡಿ. ಮೊದಲ ನಡೆ ಬಿಳಿಯದು. ಎಂಟು ಪ್ಯಾದೆಗಳಲ್ಲಿ ಪ್ರತಿಯೊಂದೂ ಒಂದು ಮನೆ ಇಲ್ಲವೆ ಎರಡು ಮನೆ ಮುಂದೆ ಹೋಗಬಹುದು: ಹದಿನಾರು. ಎರಡು ಕುದುರೆಗಳಿಗೆ ಎರಡೆರಡು ಜಿಗಿತ: ನಾಲ್ಕು. ಒಟ್ಟು 20 ನಡೆ. ಆನೆ, ಒಂಟೆ, ಮಂತ್ರಿ, ರಾಜ ಎಲ್ಲರೂ ಗೋಡೆಯ ಹಿಂದೆ ಸಿಕ್ಕಿಕೊಂಡಿದ್ದಾರೆ. ಕರಿಗೂ ಅವೇ 20. ಇಬ್ಬರೂ ಒಂದೊಂದು ಸಲ ಆಡಿದರೆ ಆಟ ಹಿಡಿಯಬಹುದಾದ ದಾರಿಗಳು 400. ಜೋಳದ ರಾಶಿಯ ಹಾಗೆಯೇ ಇದೂ ಸೌಮ್ಯವಾಗಿ ಶುರುವಾಗುತ್ತದೆ.

ಬಿಳಿ ಎರಡನೆಯ ಸಲ ಆಡಿದರೆ 8,902. ಕರಿ ಆಡಿದರೆ 1,97,281. ಬಿಳಿಯ ಮೂರನೆಯ ನಡೆಗೆ 48,65,609. ಕರಿಯದಕ್ಕೆ 11,90,60,324. ನಾಲ್ಕು ನಾಲ್ಕು ನಡೆ ಮುಗಿದಾಗ 84,99,89,78,956, ಅಂದರೆ ಎಂಟೂವರೆ ಸಾವಿರ ಕೋಟಿಗೆ ಹತ್ತು ಲಕ್ಷ ಚಿಲ್ಲರೆ ಕಡಿಮೆ. ಐದೈದು ಮುಗಿದಾಗ 6,93,52,85,97,12,417. ಇವು ಅಂದಾಜಿನ ಅಂಕಿಗಳಲ್ಲ. ಕಂಪ್ಯೂಟರ್ ಒಂದೂ ಬಿಡದೆ ಎಣಿಸಿದವು. ಕಾಳು ಪ್ರತಿ ಮನೆಗೆ ಇಮ್ಮಡಿಯಾಗುತ್ತಿತ್ತು. ಇಲ್ಲಿ ಪ್ರತಿ ನಡೆಗೆ ಇಪ್ಪತ್ತು, ಇಪ್ಪತ್ತೈದು, ಮೂವತ್ತು ಪಟ್ಟು.

ಇಬ್ಬರೂ ಏಳೇಳು ನಡೆ ಆಡಿದಾಗ ದಾರಿಗಳು 6,18,85,02,15,21,58,55,29,237. ರಾಜನ 64 ಮನೆಯ ಕಾಳಿನ ಮೂರು ಪಟ್ಟು ದಾಟಿತು! ದಾರಿಗೊಂದು ಕಾಳು ಇಟ್ಟರೆ 2,300ಕ್ಕೂ ಹೆಚ್ಚು ನವಿಲುತೀರ್ಥ ಬೇಕು. ಟೂರ್ನಿಯಲ್ಲಿ ಏಳು ನಡೆ ಎಂದರೆ ಎಷ್ಟು ಹೊತ್ತು? ಓದಿಕೊಂಡು ಬಂದ ಆಟಗಾರರು ಗಡಿಯಾರದ ಗುಂಡಿಯನ್ನು ಟಪ್ ಟಪ್ ಒತ್ತುತ್ತ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಪಕ್ಕದ ಟೇಬಲ್ಲಿನವನು ಇನ್ನೂ ಕುರ್ಚಿ ಎಳೆದುಕೊಳ್ಳುತ್ತಿರುತ್ತಾನೆ.

ಇಂಥ ಸಂಖ್ಯೆಗೆ ನಮ್ಮಲ್ಲಿ ಹೆಸರಿಲ್ಲ ಎಂದುಕೊಳ್ಳಬೇಡಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ ಎನ್ನುತ್ತ ಮಹಾಕ್ಷೋಭದವರೆಗೆ. ನಮ್ಮ ಇಪ್ಪತ್ತು ಅಂಕಿಯ ಸಂಖ್ಯೆ ಅವನ ಲೆಕ್ಕದಲ್ಲಿ ಆರು ಮಹಾಶಂಖ, ಒಂದು ಶಂಖ, ಎಂಟು ಮಹಾಕ್ಷೋಣಿ ಮತ್ತು ಮೇಲೆ ಚಿಲ್ಲರೆ. ಏಳನೆಯ ನಡೆಯವರೆಗೆ ಆಚಾರ್ಯರು ಜೊತೆಗಿದ್ದಾರೆ. ಒಂಬತ್ತನೆಯ ನಡೆ ಮುಗಿಯುವಷ್ಟರಲ್ಲಿ ಮಹಾಕ್ಷೋಭವೂ ಸಾಲದೆ ಅವರ ಪಟ್ಟಿ ಹಿಂದೆ ಬೀಳುತ್ತದೆ. ಆಮೇಲೆ ಹೆಸರಿಲ್ಲದ ಸೀಮೆ.

ಆ ಸೀಮೆಯ ಗಡಿ ಎಲ್ಲಿ ಎಂದು 1950ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಅಂದಾಜು ಹಾಕಿದ. ಒಂದು ಸಾಧಾರಣ ಆಟ 40 ನಡೆ ಸಾಗುತ್ತದೆ ಎಂದಿಟ್ಟುಕೊಂಡರೆ ಸಾಧ್ಯವಿರುವ ಆಟಗಳು 1ರ ಮುಂದೆ 120 ಸೊನ್ನೆ. ನಮಗೆ ಕಾಣುವ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೆ ಸುಮಾರು 80 ಸೊನ್ನೆಗೆ ಮುಗಿಯುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಆಟ ನೋಡುವ ಯಂತ್ರಕ್ಕೆ ಮೊದಲ ನಡೆ ನಿರ್ಧರಿಸಲು 1ರ ಮುಂದೆ 90 ಸೊನ್ನೆಗಿಂತ ಹೆಚ್ಚು ವರ್ಷ ಬೇಕೆಂದು ಅವನೇ ಲೆಕ್ಕ ಕೊಟ್ಟ. ವಿಶ್ವಕ್ಕೆ ಈಗ ಆಗಿರುವ ವಯಸ್ಸು 1,380 ಕೋಟಿ ವರ್ಷ. ಬರೆದರೆ ಹನ್ನೊಂದು ಅಂಕಿ.

ಹಾಗಿದ್ದರೆ ಮನುಷ್ಯರು ಈ ಆಟವನ್ನು ಆಡುವುದಾದರೂ ಹೇಗೆ?

ಇದಕ್ಕೆ ಉತ್ತರ ಯಲ್ಲಮ್ಮನ ಗುಡ್ಡದ ದಾರಿಯಲ್ಲಿದೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಗೆ ಹೊರಟವರನ್ನು ಕಂಡವರಿಗೆ ಗೊತ್ತು. ಸುತ್ತ ಎರಿ ಹೊಲ, ಕಣ್ಣು ಹೋದಷ್ಟು ಬಯಲು. ಚಕ್ಕಡಿಯನ್ನು ಎತ್ತ ಬೇಕಾದರೂ ಹೊಡೆಯಬಹುದು. ಆದರೆ ಯಾರೂ ಹೊಡೆಯುವುದಿಲ್ಲ. ಮುಂದೆ ಹೋದವರ ಗಾಲಿ ಕೊರೆದ ಜಾಡಿಗೆ ಹಿಂದೆ ಬಂದವರ ಗಾಲಿ ತಾನಾಗಿ ಬೀಳುತ್ತದೆ. ಚದುರಂಗದಲ್ಲಿ ಓಪನಿಂಗ್ ಎನ್ನುವುದು ಇದನ್ನೇ: ಮಹಾಶಂಖ ದಾರಿಗಳ ಬಯಲಿನಲ್ಲಿ ಬಿದ್ದ ಚಕ್ಕಡಿ ಜಾಡು.

ಜಾಡು ಸುಮ್ಮನೆ ಬೀಳುವುದಿಲ್ಲ. ಅಂಚಿನ ಪ್ಯಾದೆಯನ್ನು ಒಂದು ಮನೆ ನೂಕಿದವನಿಗೆ ಮುಂದಿನ ಸರದಿಯಲ್ಲಿ ಸರಾಸರಿ 19 ನಡೆ ಸಿಗುತ್ತವೆ. ಮೊದಲಿಗಿಂತ ಒಂದು ಕಡಿಮೆ. ಮಂತ್ರಿಯ ಮುಂದಿನ ಪ್ಯಾದೆಯನ್ನು ಎರಡು ಮನೆ ಬಿಟ್ಟರೆ 28. ರಾಜನ ಮುಂದಿನದನ್ನು ಬಿಟ್ಟರೆ 30, ಏಕೆಂದರೆ ಒಂದೇ ಏಟಿಗೆ ಒಂಟೆಗೂ ಮಂತ್ರಿಗೂ ಅಗಸೆ ತೆರೆಯುತ್ತದೆ. ದಾಖಲಾದ ಆಟಗಳಲ್ಲಿ ದೊಡ್ಡ ಪಾಲು ಈ ಎರಡು ಪ್ಯಾದೆಗಳಿಂದಲೇ ಶುರುವಾಗಿರುವುದು ಇದಕ್ಕೇ.

ನಮ್ಮ ಹಳೆಯ ಆಟದಲ್ಲಿ ಬಯಲು ಇನ್ನೂ ಕಿರಿದಾಗಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಚದುರಂಗಕ್ಕೂ ಜಾಗ ಕೊಟ್ಟಿದ್ದಾನೆ. ಆಗ ಸವದತ್ತಿ ಸೀಮೆ ಆಳುತ್ತಿದ್ದ ರಟ್ಟರು ಆ ಚಾಲುಕ್ಯರ ಸಾಮಂತರೇ. ದೇಶೀ ಪದ್ಧತಿಯಲ್ಲಿ ಪ್ಯಾದೆಗೆ ಒಂದೇ ಮನೆಯ ಹೆಜ್ಜೆ. ಹಾಗಾಗಿ ಮೊದಲ ನಡೆ 20ರ ಬದಲು 12, ಒಂದೊಂದು ನಡೆ ಮುಗಿದಾಗ 400ರ ಬದಲು 144. ಹಾಗೆ ನಿಧಾನವಾಗಿ ಕಟ್ಟುವ ಆಟವನ್ನು 1850ರ ಸುಮಾರಿಗೆ ಕಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬುವರು ಸ್ಕಾಟ್ಲೆಂಡಿನ ಜಾನ್ ಕಾಕ್ರೇನ್ ಎದುರು ಆಡಿ ತೋರಿಸಿದರು. ಇಂದಿಗೂ ಜಗತ್ತು ಆ ಜಾಡನ್ನು ಇಂಡಿಯನ್ ಡಿಫೆನ್ಸ್ ಎಂದೇ ಕರೆಯುತ್ತದೆ.

ಹೊಲಕ್ಕೆ ಉತಾರ ಇರುವಂತೆ ಜಾಡಿಗೂ ದಫ್ತರ ಇದೆ. 1970ರ ದಶಕದಲ್ಲಿ ಯುಗೊಸ್ಲಾವಿಯದ ಬೆಲ್‌ಗ್ರೇಡ್‌ನಲ್ಲಿ ಓಪನಿಂಗ್‌ಗಳ ವಿಶ್ವಕೋಶ ಹೊರಬಂತು. ಐದು ಸಂಪುಟ, ಸಂಪುಟಕ್ಕೆ ನೂರು ಸಂಕೇತ, ಒಟ್ಟು 500 ಸರ್ವೇ ನಂಬರು. ಆರು ಮಹಾಶಂಖ ದಾರಿಗಳ ಬಯಲಿಗೆ ಐನೂರೇ ಉತಾರ! ಇಷ್ಟು ದೊಡ್ಡ ಸೊನ್ನೆಗಳ ಎದುರು ನನಗೆ ಬೆರಗು ಹುಟ್ಟಿಸುವುದು ಈ ಪುಟ್ಟ ಅಂಕಿ.

ಅಂಥ ಒಂದು ಜಾಡು ಹೇಗೆ ಬಿತ್ತು ಎನ್ನುವುದಕ್ಕೆ ಇಸವಿ ಸಮೇತ ಲೆಕ್ಕವಿದೆ. ಆ ಇಸವಿಯನ್ನು ನಮ್ಮ ಕಡೆಯವರು ಮರೆಯುವಂತಿಲ್ಲ: 1824.

ಆ ವರ್ಷ ಏಪ್ರಿಲ್‌ನಲ್ಲಿ ಲಂಡನ್ನಿನ ಚೆಸ್ ಕ್ಲಬ್ಬಿಗೂ ಸ್ಕಾಟ್ಲೆಂಡಿನ ಎಡಿನ್‌ಬರೋ ಕ್ಲಬ್ಬಿಗೂ ಪಂದ್ಯ ಶುರುವಾಯಿತು. ಎರಡು ಊರಿನ ನಡುವೆ ಆರುನೂರು ಕಿಲೋಮೀಟರಿಗೂ ಹೆಚ್ಚು ದೂರ. ಆಟಗಾರರು ಮುಖಾಮುಖಿ ಕೂಡಲಿಲ್ಲ. ನಡೆಯನ್ನು ಕಾಗದದಲ್ಲಿ ಬರೆದು ಕುದುರೆಗಾಡಿಯ ಟಪಾಲಿಗೆ ಹಾಕುವುದು, ಉತ್ತರ ಬರುವವರೆಗೆ ಕಾಯುವುದು. ಅದೇ ಸೆಪ್ಟೆಂಬರಿನಲ್ಲಿ ಇತ್ತ ಕಿತ್ತೂರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡ. ಅವನು ಮಾಡಿಕೊಂಡಿದ್ದ ದತ್ತಕವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರು ಬಿತ್ತು. ರಾಣಿ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆ ಇಟ್ಟರು.

ಅತ್ತ ಆಟ ನಡೆದೇ ಇತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಒಂದು ಬೇಸಿಗೆ ಕಳೆದಳು, ಎರಡು ಕಳೆದಳು, ಮೂರು ಕಳೆದಳು. ಟಪಾಲು ಗಾಡಿಯಲ್ಲಿ ಪ್ಯಾದೆಗಳು ಮನೆಯಿಂದ ಮನೆಗೆ ಸರಿಯುತ್ತಲೇ ಇದ್ದವು. 1828ರ ಜುಲೈನಲ್ಲಿ ಪಂದ್ಯ ಮುಗಿಯಿತು. ನಾಲ್ಕು ವರ್ಷದ ಮೇಲೆ ಮೂರು ತಿಂಗಳಿಗೆ ಐದು ಆಟ; ಗೆದ್ದವರು ಎಡಿನ್‌ಬರೋದವರು. ಮುಂದಿನ ಫೆಬ್ರವರಿಯಲ್ಲಿ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡಳು. ಅವಳ ಸಮಾಧಿ ಬೈಲಹೊಂಗಲದಲ್ಲೇ ಇದೆ.

ಆ ಪಂದ್ಯದಿಂದ ಉಳಿದದ್ದು ಒಂದು ಜಾಡು. ಬಿಳಿಯ ರಾಜನ ಪ್ಯಾದೆ ಎರಡು ಮನೆ ಮುಂದೆ, ಕರಿಯದೂ ಎದುರಿಗೆ ಬಂದು ನಿಂತಿತು. ಬಿಳಿಯ ಕುದುರೆ ಜಿಗಿದು ಆ ಪ್ಯಾದೆಗೆ ಗುರಿ ಹಿಡಿಯಿತು, ಕರಿಯ ಕುದುರೆ ಅದಕ್ಕೆ ಕಾವಲು ನಿಂತಿತು. ಈಗ ಬಿಳಿ ತನ್ನ ಮಂತ್ರಿಯ ಮುಂದಿನ ಪ್ಯಾದೆಯನ್ನೂ ಎರಡು ಮನೆ ಬಿಟ್ಟು ನಡುಬಯಲಿನಲ್ಲಿ ನೇರ ಜಗಳ ತೆಗೆಯಿತು. ಇಷ್ಟೇ. ಇದಕ್ಕೆ ಸ್ಕಾಚ್ ಗೇಮ್ ಎಂದು ಹೆಸರಾಯಿತು. ಬಿಳಿಯ ಮೂರನೆಯ ನಡೆಯವರೆಗಿನ 48,65,609 ದಾರಿಗಳಲ್ಲಿ ಇದು ಒಂದು. ನಲವತ್ತೆಂಟು ಲಕ್ಷದಲ್ಲಿ ಒಂದು ದಾರಿಗೆ ಒಂದು ದೇಶದ ಹೆಸರು ಅಂಟಿಕೊಳ್ಳಲು ನಾಲ್ಕು ವರ್ಷದ ಟಪಾಲು ಬೇಕಾಯಿತು.

ಜಾಡು ಮುಚ್ಚಿಹೋಗುವುದೂ ಉಂಟು. ಬಳಕೆ ತಪ್ಪಿದರೆ ಹುಲ್ಲು ಬೆಳೆಯುತ್ತದೆ. ಸ್ಕಾಚ್ ಆಟವನ್ನೂ ಇಪ್ಪತ್ತನೆಯ ಶತಮಾನದ ದೊಡ್ಡ ಆಟಗಾರರು ಹಳೆಯ ಸರಕೆಂದು ಬದಿಗಿಟ್ಟಿದ್ದರು. 1990ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗ್ಯಾರಿ ಕಾಸ್ಪರೋವ್ ಅದನ್ನು ಅನಾತೊಲಿ ಕಾರ್ಪೋವ್ ಎದುರು ಎತ್ತಿ ತಂದ. ಫ್ರಾನ್ಸಿನ ಲಿಯೋನ್‌ನಲ್ಲಿ ನಡೆದ 16ನೇ ಆಟದಲ್ಲಿ ಅದೇ ಮೂರು ನಡೆಗಳಿಂದ ಹೊರಟು, 102ನೇ ನಡೆಗೆ ಗೆದ್ದ. ಟಪಾಲು ಗಾಡಿಯ ಜಾಡಿನಲ್ಲಿ ಮತ್ತೆ ಧೂಳು ಎದ್ದಿತು.

ಯಂತ್ರಗಳು ಬಂದ ಮೇಲೆ ಜಾಡಿನ ಹಂಗೇನು ಎಂದು ಕೇಳಬಹುದು. ಅದಕ್ಕೂ ಒಂದು ಆಟವೇ ಉತ್ತರ. 1997ರ ಮೇ 11, ನ್ಯೂಯಾರ್ಕ್. ಐಬಿಎಂನ ಡೀಪ್ ಬ್ಲೂ ಎದುರು ಕಾಸ್ಪರೋವ್‌ನ ಆರನೆಯ, ಕೊನೆಯ ಆಟ. ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರ ಅದು. ಕಾಸ್ಪರೋವ್ ಹಿಡಿದದ್ದು ಕಾರೋ-ಕಾನ್ ಎಂಬ ಜಾಡು. ಏಳನೆಯ ನಡೆಗೆ ಅಂಚಿನ ಪ್ಯಾದೆಯನ್ನು ಒಂದೇ ಒಂದು ಮನೆ ನೂಕಿದ. ಎಂಟನೆಯ ನಡೆಗೆ ಯಂತ್ರ ತನ್ನ ಕುದುರೆಯನ್ನು ಬಲಿಕೊಟ್ಟು ಕರಿಯ ರಾಜನ ಬೇಲಿ ಕಿತ್ತಿತು. ಹತ್ತೊಂಬತ್ತನೆಯ ನಡೆಗೆ ಎಲ್ಲ ಮುಗಿದು ಕಾಸ್ಪರೋವ್ ಸೋಲೊಪ್ಪಿ ಎದ್ದ.

ಆ ಕುದುರೆಯ ಬಲಿ ಲೆಕ್ಕ ಹಾಕಿ ಬಂದದ್ದಲ್ಲ. ಮನುಷ್ಯರು ಹಿಂದಿನ ಆಟಗಳಿಂದ ಆಯ್ದು ಯಂತ್ರದೊಳಗೆ ತುಂಬಿಟ್ಟಿದ್ದ ಓಪನಿಂಗ್ ಪುಸ್ತಕದಲ್ಲಿ ಅದು ಇತ್ತು. ಯಾಕೆ ತುಂಬಬೇಕಾಯಿತು? ಏಳೇಳು ನಡೆಯ ಆರು ಮಹಾಶಂಖ ದಾರಿಗಳನ್ನು ಸೆಕೆಂಡಿಗೆ 20 ಕೋಟಿಯಂತೆ ಒಂದೊಂದಾಗಿ ನೋಡುತ್ತ ಕುಳಿತರೆ ಡೀಪ್ ಬ್ಲೂಗೆ 9,800 ವರ್ಷ ಬೇಕು. ಇಪ್ಪತ್ತು ಕೋಟಿ ಕಣ್ಣಿನ ಯಂತ್ರವೂ ಬಯಲಿನ ಆರಂಭದಲ್ಲಿ ಚಕ್ಕಡಿ ಜಾಡಿಗೇ ಗಾಲಿ ಇಳಿಸಿತು.

ಇನ್ನೊಂದು ವಿಚಿತ್ರವಿದೆ. ಲೋಕದಲ್ಲಿ ಆರಂಭ ಗೊತ್ತಿದ್ದು ಕೊನೆ ಗೊತ್ತಿರುವುದಿಲ್ಲ, ಚದುರಂಗದಲ್ಲಿ ತಿರುಗಾಮುರುಗಾ. ಹಲಗೆಯ ಮೇಲೆ ರಾಜರೂ ಸೇರಿ ಏಳೇ ಕಾಯಿ ಉಳಿದಾಗ ಆಟ ಏನಾಗುತ್ತದೆ ಎನ್ನುವುದು ಈಗ ಪೂರ್ತಿ ಗೊತ್ತು. 2012ರಲ್ಲಿ ಮಾಸ್ಕೋದ ಲೊಮೊನೊಸೊವ್ ಸೂಪರ್‌ಕಂಪ್ಯೂಟರ್ ಹಿಂದಿನಿಂದ ಮುಂದಕ್ಕೆ ಎಣಿಸಿ ಅದನ್ನು ಬಿಡಿಸಿಟ್ಟಿತು. ಅಂಥ ಸ್ಥಿತಿಗಳು 423 ಲಕ್ಷ ಕೋಟಿಗೂ ಹೆಚ್ಚು. ಅವುಗಳಲ್ಲಿ ಒಂದರಲ್ಲಿ, ಎರಡೂ ಕಡೆಯವರು ಒಂದೂ ತಪ್ಪು ಮಾಡದೆ ಆಡಿದರೆ, ಗೆಲ್ಲಲು ಸರಿಯಾಗಿ 549 ನಡೆ ಬೇಕು. ಮನುಷ್ಯರು ಟೂರ್ನಿಯಲ್ಲಿ ಆಡಿದ ಅತಿ ಉದ್ದದ ಆಟ, 1989ರಲ್ಲಿ ಬೆಲ್‌ಗ್ರೇಡ್‌ನಲ್ಲಿ ನಿಕೋಲಿಚ್ ಮತ್ತು ಆರ್ಸೊವಿಚ್ ನಡುವಿನದು, ಇಪ್ಪತ್ತು ಗಂಟೆ ನಡೆದು 269ನೇ ನಡೆಗೆ ಡ್ರಾ ಆಯಿತು. ಅದರ ಇಮ್ಮಡಿಗಿಂತ ಉದ್ದದ ದಾರಿಯನ್ನು ಯಂತ್ರ ಕೊನೆಯ ಹೆಜ್ಜೆಯವರೆಗೆ ಕಂಡಿದೆ. ಆದರೆ 32 ಕಾಯಿಗಳೂ ತಂತಮ್ಮ ಮನೆಯಲ್ಲಿ ಕುಳಿತಿರುವಾಗ ಮೊದಲ ನಡೆ ಯಾವುದು ಸರಿ? ಅದು ಯಾವ ಯಂತ್ರಕ್ಕೂ ಖಚಿತವಾಗಿ ಗೊತ್ತಿಲ್ಲ.

ಆದ್ದರಿಂದ ಜಾಡು ಎಂದರೆ ಸರಿದಾರಿ ಎಂದು ಅರ್ಥವಲ್ಲ. ಇಲ್ಲಿಂದ ಹೋದವರು ಹಳ್ಳಕ್ಕೆ ಬೀಳಲಿಲ್ಲ ಎನ್ನುವಷ್ಟೇ ಅದರ ಭರವಸೆ. ಅದು ಬೇಗ ಮುಗಿಯುತ್ತದೆ ಕೂಡ. ಅಂತರ್ಜಾಲದ ಲಿಚೆಸ್ ತಾಣವೊಂದರಲ್ಲೇ ಜನ ಆಡಿದ ಆಟಗಳು 500 ಕೋಟಿ ಮೀರಿವೆ. ಅವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ದಾರಿ ಹಿಡಿದಿತ್ತು ಎಂದೇ ಇಟ್ಟುಕೊಳ್ಳಿ. ಆಗಲೂ ನಾಲ್ಕು ನಾಲ್ಕು ನಡೆಯ 8,500 ಕೋಟಿ ದಾರಿಗಳಲ್ಲಿ ಹದಿನೇಳನೆಯ ಒಂದು ಪಾಲಷ್ಟೇ ಸವೆದಿರುತ್ತಿತ್ತು. ನಿಜದಲ್ಲಿ ಹೆಚ್ಚಿನವರು ಕೆಲವೇ ಜಾಡುಗಳಲ್ಲಿ ಹಿಂದೆ ಮುಂದೆ ಸಾಗಿದವರು. ಬಯಲು ಬಹುತೇಕ ಹಾಗೇ ಬಿದ್ದಿದೆ.

ಟೂರ್ನಿಯಲ್ಲಿ ಆಡುವವರು ಪ್ರತಿ ನಡೆಯನ್ನೂ ತಮ್ಮ ಕೈಯಾರೆ ಹಾಳೆಯ ಮೇಲೆ ಬರೆದುಕೊಳ್ಳಬೇಕು, ಅದು ನಿಯಮ. ಬೈಲಹೊಂಗಲದ ಒಂದು ಶಾಲೆಯಲ್ಲಿ ಮಕ್ಕಳ ಪಂದ್ಯ ನಡೆದಿದೆ ಎಂದುಕೊಳ್ಳಿ. ಹತ್ತು ವರ್ಷದ ಹುಡುಗಿ ರಾಜನ ಪ್ಯಾದೆಯನ್ನು ಎರಡು ಮನೆ ಬಿಟ್ಟು ಹಾಳೆಯ ಮೊದಲ ಸಾಲು ಬರೆಯುತ್ತಾಳೆ. ಅದು ಕೋಟಿಗಟ್ಟಲೆ ಜನ ಬರೆದ ಸಾಲು. ಎರಡನೆಯದೂ ಹಾಗೆಯೇ. ಮೂರನೆಯದು ಚೆನ್ನಮ್ಮ ಬದುಕಿದ್ದಾಗ ಟಪಾಲಿನಲ್ಲಿ ಹೋಗಿದ್ದ ಸಾಲು. ಎಂಟು, ಒಂಬತ್ತು, ಹತ್ತು. ಹನ್ನೆರಡರ ಹತ್ತಿರ ಎಲ್ಲೋ ಅವಳ ಎದುರಾಳಿ ತಡವರಿಸಿ ಒಂದು ಒಂಟೆಯನ್ನು ಬೇಡದ ಕಡೆ ಇಡುತ್ತಾನೆ. ಅವಳು ತಲೆ ಎತ್ತದೆ ಹಲಗೆ ನೋಡುತ್ತಾಳೆ. ಗಡಿಯಾರ ಓಡುತ್ತಿದೆ. ಗಾಲಿ ಜಾಡು ಬಿಟ್ಟು ಎರಿ ಮಣ್ಣಿಗೆ ಇಳಿದಿದೆ, ಮುಂದೆ ಯಾರ ಗುರುತೂ ಇಲ್ಲ. ಅವಳು ಕುದುರೆಗೆ ಕೈ ಹಾಕುತ್ತಾಳೆ, ಆಡುತ್ತಾಳೆ, ಗುಂಡಿ ಒತ್ತುತ್ತಾಳೆ; ಆಮೇಲೆ ಪೆನ್ನು ತೆಗೆದುಕೊಂಡು ಹದಿಮೂರನೆಯ ಸಾಲು ಬರೆಯುತ್ತಾಳೆ.